ಮತ್ತೆ ಮತ್ತೆ ಸುಡುವ ಮೋಟಾರ್: ವೈಂಡಿಂಗ್ ಕಟ್ಟಿಸುವ ಮೊದಲು ನೋಡಬೇಕಾದ್ದು

ಬೆಂಗಳೂರಿನ ಪೀಣ್ಯದಲ್ಲಿ ಒಂದು ಚಿಕ್ಕ ಶೆಡ್. ಒಳಗೆ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಮೂಲೆಯಲ್ಲಿ ತೂತಿನ ಒಳಗೆ ಸ್ಕ್ರೂ ಎಳೆ ಕೊರೆಯುವ ಒಂದು ಟ್ಯಾಪಿಂಗ್ ಮೆಷಿನ್. ಆ ಟ್ಯಾಪಿಂಗ್ ಮೆಷಿನ್ನಿನ 2 ಎಚ್‌ಪಿ ಮೋಟಾರ್ ಐದು ತಿಂಗಳಲ್ಲಿ ಎರಡು ಸಲ ಸುಟ್ಟಿತು. ಯಜಮಾನರಿಗೆ ಸಿಟ್ಟು ಬಂತು. ಸಹವಾಸವೇ ಬೇಡ ಅಂತ 3 ಎಚ್‌ಪಿ ತಂದು ಹಾಕಿಸಿದರು. ಅದು ಮೂರೇ ವಾರಕ್ಕೆ ಹೋಯಿತು.

ನಾನು ಹೋದಾಗ ಆ 3 ಎಚ್‌ಪಿಗೆ ಹೊಸ ವೈಂಡಿಂಗ್ (ಒಳಗಿನ ತಾಮ್ರದ ತಂತಿಯ ಸುರುಳಿ) ಕಟ್ಟಿಸಿ ತಂದು ಕೂರಿಸಿದ್ದರು. ವಾರ್ನಿಷ್ ವಾಸನೆ ಇನ್ನೂ ಹೋಗಿರಲಿಲ್ಲ. ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿದೆ. 3.1 ಆಂಪಿಯರ್. ನೇಮ್‌ಪ್ಲೇಟ್ ಮೇಲೆ 4.7. ಮೂರೂ ಫೇಸ್ ಸಮ. "ನೋಡಿ ಅಣ್ಣ, ಲೋಡೇ ಇಲ್ಲ. ಆದ್ರೂ ಸುಡುತ್ತೆ. ಈ ಮೋಟಾರುಗಳೇ ಸರಿ ಇಲ್ಲ" ಅಂದರು ಯಜಮಾನರು.

ಮೋಟಾರ್ ಸರಿಯಾಗಿಯೇ ಇತ್ತು. ಯಾಕೆ ಸುಡುತ್ತಿತ್ತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಸುಟ್ಟ ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು ವೈಂಡಿಂಗ್ ಅಂಗಡಿಗೆ ಓಡುವ ಮೊದಲು ಶೆಡ್ಡಿನಲ್ಲೇ ನೋಡಬಹುದಾದ ಎಷ್ಟೋ ವಿಷಯ ಇದೆ. ಕೆಲವು ದೋಷ ಕರೆಂಟಿನದು, ಕೆಲವು ಮೋಟಾರಿನದು, ಇನ್ನು ಕೆಲವು ಆ ಕೆಲಸಕ್ಕೆ ಆ ಮೋಟಾರ್ ಆರಿಸಿದ್ದೇ ತಪ್ಪು. ಮೂರನೆಯದನ್ನು ಯಾರೂ ನೋಡುವುದಿಲ್ಲ. ಇಲ್ಲಿ ಹೇಳುವುದೆಲ್ಲ 415 ವೋಲ್ಟ್ ಮೂರು ಫೇಸ್ ಇಂಡಕ್ಷನ್ ಮೋಟಾರಿಗೆ.

ಕೈ ಹಾಕುವ ಮೊದಲು

ಮೇನ್ ಆಫ್ ಮಾಡಿದರೆ ಸಾಲದು. ಕಿಟ್‌ಕ್ಯಾಟ್ ಫ್ಯೂಸ್ ಇದ್ದರೆ ಮೂರನ್ನೂ ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಐಸೋಲೇಟರ್ ಇದ್ದರೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ. "ಯಾರೋ ಆಫ್ ಮಾಡಿದ್ದಾರೆ, ಆನ್ ಮಾಡು ಮಗಾ" ಅನ್ನುವವರು ಎಲ್ಲ ಶೆಡ್ಡಿನಲ್ಲೂ ಇರುತ್ತಾರೆ. ಆಮೇಲೆ ಮೋಟಾರ್ ಟರ್ಮಿನಲ್‌ನಲ್ಲೇ ಕರೆಂಟ್ ಇಲ್ಲ ಅಂತ ಮೀಟರ್ ಇಟ್ಟು ನೋಡಿ. ನೋಡುವ ಮೊದಲು ಆ ಮೀಟರನ್ನು ಕರೆಂಟ್ ಇರುವ ಕಡೆ ಒಮ್ಮೆ ಪರೀಕ್ಷೆ ಮಾಡಿ. ಡ್ರೈವ್ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಉಪಕರಣ) ಇರುವ ಪ್ಯಾನಲ್ ಆದರೆ ಆಫ್ ಮಾಡಿ ಕನಿಷ್ಠ ಹತ್ತು ನಿಮಿಷ ಬಿಡಿ, ಒಳಗಿನ ಕೆಪಾಸಿಟರ್ ಖಾಲಿಯಾಗಲು ಅಷ್ಟು ಹೊತ್ತು ಬೇಕು. ಡ್ರೈವಿನ ಮೇಲೆ ಇನ್ನೂ ಜಾಸ್ತಿ ಸಮಯ ಬರೆದಿದ್ದರೆ ಅಷ್ಟು ಕಾಯಿರಿ.

ಕರೆಂಟ್ ಇರುವಾಗ ಅಳೆಯುವ ಕೆಲಸವನ್ನು ಅಭ್ಯಾಸ ಇರುವ ವೈರ್‌ಮನ್ ಮಾತ್ರ ಮಾಡಲಿ. ಬೆಲ್ಟ್ ಗಾರ್ಡ್ ತೆಗೆದು ಮೋಟಾರ್ ಓಡಿಸಬೇಡಿ.

ಬಟನ್ ಒತ್ತಿದರೆ ಏನೂ ಆಗುವುದಿಲ್ಲ

ಇದು ಮೋಟಾರಿನ ದೋಷ ಆಗಿರುವುದು ಕಡಿಮೆ. ಕರೆಂಟ್ ಜಾಸ್ತಿ ಆದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಟ್ರಿಪ್ ಆಗಿ ರಿಸೆಟ್ ಆಗದೆ ಕೂತಿದೆಯಾ, ಎಮರ್ಜೆನ್ಸಿ ಸ್ಟಾಪ್ ಯಾರಾದರೂ ಒತ್ತಿ ಬಿಟ್ಟಿದ್ದಾರಾ, ಸ್ಟಾರ್ಟರ್ ಕಾಯಿಲ್‌ಗೆ ಹೋಗುವ ಫ್ಯೂಸ್ ಸರಿ ಇದೆಯಾ ನೋಡಿ. ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರ್ ಓಡಲು ಬಿಡದ ಸಾಧನ) ಇದ್ದು ಅದರ ಕೆಂಪು ದೀಪ ಉರಿಯುತ್ತಿದ್ದರೆ ಅದನ್ನು ಬೈಪಾಸ್ ಮಾಡಲು ಹೋಗಬೇಡಿ. ಅದು ತನ್ನ ಕೆಲಸ ಮಾಡುತ್ತಿದೆ. ಮೀಟರ್ ಬೋರ್ಡಿನಲ್ಲೇ ಒಂದು ಫೇಸ್ ಇಲ್ಲದಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಚಹಾ ಕುಡಿಯುತ್ತ ಕೂರಿ. ಏಪ್ರಿಲ್ ಮೇ ಮಳೆಗೆ ಮರದ ಕೊಂಬೆ ಬಿದ್ದ ದಿನ ಇದು ಮಾಮೂಲು.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ತಕ್ಷಣ ಆಫ್ ಮಾಡಿ. "ಇನ್ನೊಂದು ಸಲ ಒತ್ತಿ ನೋಡೋಣ" ಅನ್ನುವ ಆಸೆ ಬೇಡ. ನಿಂತ ಮೋಟಾರ್ ಫುಲ್ ಲೋಡ್ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ, ಫ್ಯಾನ್ ಬೇರೆ ತಿರುಗುತ್ತಿರುವುದಿಲ್ಲ. ವೈಂಡಿಂಗ್ ಸುಡಲು ಅರ್ಧ ನಿಮಿಷವೂ ಬೇಡ.

ಫ್ಯೂಸ್ ತೆಗೆದು, ಬೆಲ್ಟ್ ಬಿಚ್ಚಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಮೋಟಾರ್ ಸಲೀಸಾಗಿ ತಿರುಗಿ ಮೆಷಿನ್ ಬಿಗಿಯಾಗಿದ್ದರೆ ದೋಷ ಮೆಷಿನ್ನಿನದು. ಮೋಟಾರ್ ಶಾಫ್ಟೇ ತಿರುಗದಿದ್ದರೆ ಬೇರಿಂಗ್ ಜಾಮ್. ಎರಡೂ ತಿರುಗಿದರೆ ಒಂದು ಫೇಸ್ ಇಲ್ಲ ಅಂತಲೇ ಅನುಮಾನ ಪಡಿ. ಮೂರು ಫ್ಯೂಸ್ ನೋಡಿ, ಆಮೇಲೆ ಕಾಂಟ್ಯಾಕ್ಟರ್, ಅಂದರೆ ಸ್ಟಾರ್ಟರ್ ಒಳಗೆ ಮೂರೂ ಫೇಸನ್ನು ಜೋಡಿಸುವ ಸ್ವಿಚ್. ಕಾಂಟ್ಯಾಕ್ಟರಿನ ಮೂರು ಪಾಯಿಂಟ್‌ಗಳಲ್ಲಿ ಒಂದು ತಿಂದು ಹೋಗಿ ಕಪ್ಪಾಗಿದ್ದರೆ ಕಳ್ಳ ಸಿಕ್ಕ. ಸ್ಯಾಂಡ್ ಪೇಪರ್ ಹಾಕಿ ಉಜ್ಜುವುದು ಆ ದಿನ ಸಂಜೆಯವರೆಗಿನ ರಿಪೇರಿ. ಪಾಯಿಂಟ್ ಕಿಟ್ ಬದಲಾಯಿಸಿ. ಹಾಗೆಯೇ ಟರ್ಮಿನಲ್ ಬಾಕ್ಸ್ ತೆಗೆದು ವೈರಿನ ತುದಿಯ ಲಗ್ ಸಡಿಲ ಆಗಿದೆಯಾ, ಸುತ್ತ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ.

ಈಗಷ್ಟೇ ಕಟ್ಟಿಸಿ ತಂದ ಮೋಟಾರ್ ಹೀಗೆ ಮಾಡಿದರೆ ಟರ್ಮಿನಲ್‌ನ ಪಟ್ಟಿಗಳನ್ನು ನೋಡಿ. ಮೂರು ವೈಂಡಿಂಗ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರಿದರೆ ಸ್ಟಾರ್, ತ್ರಿಕೋನದ ಹಾಗೆ ಒಂದರ ತುದಿಗೆ ಇನ್ನೊಂದು ಸೇರಿದರೆ ಡೆಲ್ಟಾ. ನೇಮ್‌ಪ್ಲೇಟಿನಲ್ಲಿ 415 ವೋಲ್ಟ್ ಡೆಲ್ಟಾ ಅಂತ ಇದ್ದು, ಜೋಡಿಸಿದವರು ಸ್ಟಾರ್ ಮಾಡಿದ್ದರೆ ಪ್ರತಿ ವೈಂಡಿಂಗ್‌ಗೂ 240 ವೋಲ್ಟ್ ಮಾತ್ರ ಸಿಗುತ್ತದೆ. ಎಳೆಯುವ ಶಕ್ತಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಲ್ಟ್ ಇಲ್ಲದೆ ಚೆನ್ನಾಗಿ ಓಡುತ್ತದೆ, ಬೆಲ್ಟ್ ಹಾಕಿದರೆ ಒದ್ದಾಡುತ್ತದೆ.

ಸ್ಟಾರ್‌ನಲ್ಲಿ ಎಬ್ಬಿಸಿ ಆಮೇಲೆ ಡೆಲ್ಟಾಗೆ ಬದಲಾಯಿಸುವ ಸ್ಟಾರ್ ಡೆಲ್ಟಾ ಸ್ಟಾರ್ಟರಿನಲ್ಲೂ ಇದೇ ಲೆಕ್ಕ. ಸ್ಟಾರ್‌ನಲ್ಲಿರುವಾಗ ಲೈನ್ ಕರೆಂಟ್ ಮೂರನೇ ಒಂದು ಭಾಗ ಆಗುತ್ತದೆ, ಅದಕ್ಕೇ ಅದನ್ನು ಹಾಕುವುದು. ಆದರೆ ಟಾರ್ಕ್ (ತಿರುಗಿಸುವ ಬಲ) ಕೂಡ ಅಷ್ಟೇ ಇಳಿಯುತ್ತದೆ. ಪಂಪಿಗೆ, ಬ್ಲೋವರಿಗೆ ಪರವಾಗಿಲ್ಲ. ತುಂಬಿದ ಕನ್ವೇಯರ್, ಒಳಗೆ ಮಾಲು ಇಟ್ಟು ನಿಲ್ಲಿಸಿದ ಪ್ಲಾಸ್ಟಿಕ್ ಸ್ಕ್ರ್ಯಾಪ್ ಗ್ರೈಂಡರ್, ಇವು ಸ್ಟಾರ್‌ನಲ್ಲಿ ಏಳುವುದೇ ಇಲ್ಲ. ಇಲ್ಲಿ ಮೋಟಾರ್ ಕೆಟ್ಟಿಲ್ಲ, ಸ್ಟಾರ್ಟಿಂಗ್ ವಿಧಾನದ ಆಯ್ಕೆ ತಪ್ಪಿದೆ. ಮೊದಲು ಮಾಲು ಖಾಲಿ ಮಾಡಿ ಸ್ಟಾರ್ಟ್ ಮಾಡಿ ನೋಡಿ. ಎದ್ದರೆ ಉತ್ತರ ಸಿಕ್ಕಿತು.

ಓಡುತ್ತದೆ, ಸ್ವಲ್ಪ ಹೊತ್ತಿಗೆ ಟ್ರಿಪ್ ಆಗುತ್ತದೆ

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಜಾಸ್ತಿ ತಪ್ಪು ರಿಪೇರಿ ಆಗುವುದೂ ಇಲ್ಲೇ. ರಿಲೇಯ ಡಯಲ್ ತಿರುಗಿಸಿ ಮೇಲಕ್ಕೆ ಇಡುವುದು ನಮ್ಮೂರಿನ ಮೊದಲ ಚಿಕಿತ್ಸೆ. ದಯವಿಟ್ಟು ಬೇಡ. ಮೊದಲು ಡಯಲ್ ಎಲ್ಲಿದೆ ಅಂತ ಓದಿ, ನೇಮ್‌ಪ್ಲೇಟಿನ ಆಂಪಿಯರ್ ಜೊತೆ ಹೋಲಿಸಿ. ನೇರ ಸ್ಟಾರ್ಟರಿನಲ್ಲಿ ಎರಡೂ ಒಂದೇ ಇರಬೇಕು. ಸ್ಟಾರ್ ಡೆಲ್ಟಾದಲ್ಲಿ ರಿಲೇ ಫೇಸ್ ಕರೆಂಟ್ ಹಾದು ಹೋಗುವ ಜಾಗದಲ್ಲಿದ್ದರೆ ನೇಮ್‌ಪ್ಲೇಟಿನ 0.58 ಪಟ್ಟು.

ಈಗ ಮೂರೂ ಫೇಸಿನ ಕರೆಂಟ್ ಅಳೆದು ಬರೆದುಕೊಳ್ಳಿ. ನೆನಪಲ್ಲಿ ಇಟ್ಟುಕೊಳ್ಳುವುದು ಬೇಡ, ಬೀಡಿ ಪೊಟ್ಟಣದ ಹಿಂದೆಯಾದರೂ ಬರೆಯಿರಿ. ಮೂರೂ ಸಮ ಇದ್ದು ನೇಮ್‌ಪ್ಲೇಟಿಗಿಂತ ಜಾಸ್ತಿ ಇದ್ದರೆ, ಅದು ಲೋಡ್ ಅಥವಾ ಕಡಿಮೆ ವೋಲ್ಟೇಜ್. ವೋಲ್ಟೇಜನ್ನು ಪ್ಯಾನಲ್‌ನಲ್ಲಿ ಅಳೆದರೆ ಸಾಲದು. ಮೋಟಾರ್ ಲೋಡಿನಲ್ಲಿ ಓಡುವಾಗ, ಮೋಟಾರ್ ಟರ್ಮಿನಲ್‌ನಲ್ಲೇ ಅಳೆಯಬೇಕು. ತೆಳ್ಳಗಿನ ಕೇಬಲ್ ದಾರಿಯಲ್ಲೇ ಇಪ್ಪತ್ತು ವೋಲ್ಟ್ ನುಂಗಿರುತ್ತದೆ. ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. ವೋಲ್ಟೇಜ್ ನೂರಕ್ಕೆ 80 ಆದರೆ ಸ್ಟಾರ್ಟಿಂಗ್ ಟಾರ್ಕ್ ನೂರಕ್ಕೆ 64.

ಮೂರು ಕರೆಂಟ್ ಸಮ ಇಲ್ಲದಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಖರ್ಚು ಏನೂ ಇಲ್ಲ. ಆಫ್ ಮಾಡಿ, ಮೋಟಾರಿಗೆ ಹೋಗುವ ಮೂರೂ ವೈರನ್ನು ಒಂದೊಂದು ಜಾಗ ಸರಿಸಿ: ಆರ್ ಇದ್ದಲ್ಲಿ ವೈ, ವೈ ಇದ್ದಲ್ಲಿ ಬಿ, ಬಿ ಇದ್ದಲ್ಲಿ ಆರ್. ಮೂರನ್ನೂ ಸರಿಸಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಮತ್ತೆ ಅಳೆಯಿರಿ. ಜಾಸ್ತಿ ಕರೆಂಟ್ ಮೊದಲಿನ ಸಪ್ಲೈ ಫೇಸಿನಲ್ಲೇ ಉಳಿದರೆ ದೋಷ ಸಪ್ಲೈ ಕಡೆ. ಅದು ಮೋಟಾರಿನ ತುದಿಯ ಜೊತೆ ಸರಿದರೆ ದೋಷ ವೈಂಡಿಂಗ್‌ನಲ್ಲಿ. ಆ ಮೋಟಾರ್ ಅಂಗಡಿಗೆ ಹೋಗಬೇಕಾದ್ದೇ.

ವೋಲ್ಟೇಜ್ ಸ್ವಲ್ಪ ವ್ಯತ್ಯಾಸ ಇದ್ದರೆ ಏನಂತೆ ಅನ್ನಬೇಡಿ. 418, 410, 396 ಬಂತು ಅಂದುಕೊಳ್ಳಿ. ಸರಾಸರಿ 408. ಅದರಿಂದ ಅತಿ ದೂರ ಇರುವುದು 12 ವೋಲ್ಟ್, ಅಂದರೆ ಸುಮಾರು ಶೇಕಡ 2.9. ನೋಡಲು ಚಿಕ್ಕದು. ಆದರೆ ಕರೆಂಟಿನಲ್ಲಿ ಈ ವ್ಯತ್ಯಾಸ ಆರರಿಂದ ಹತ್ತು ಪಟ್ಟು ಆಗಿ ಕಾಣುತ್ತದೆ. ಶೇಕಡ 1ರ ಒಳಗಿದ್ದರೆ ನಿಶ್ಚಿಂತೆ. ಶೇಕಡ 5 ದಾಟಿದರೆ ಮೋಟಾರ್ ಓಡಿಸಲೇಬಾರದು. ಶೆಡ್ಡಿನ ವೆಲ್ಡಿಂಗ್ ಸೆಟ್ಟು, ಎಸಿ, ಲೈಟು ಎಲ್ಲ ಒಂದೇ ಫೇಸಿನ ಮೇಲೆ ಕೂತಿವೆಯಾ ನೋಡಿ. ಹಂಚಿ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ವಿಚಿತ್ರ. ಹಳೇ ಮೋಟಾರ್ ತೆಗೆದು ಐಇ 3 (ಹೆಚ್ಚು ದಕ್ಷತೆಯ) ಮೋಟಾರ್ ಹಾಕಿದ ಮೇಲೆ ಸ್ಟಾರ್ಟ್ ಮಾಡುವಾಗಲೇ ಎಂಸಿಬಿ ಬೀಳುವುದು. ಇವುಗಳ ಸ್ಟಾರ್ಟಿಂಗ್ ಕರೆಂಟ್ ಸಾಮಾನ್ಯವಾಗಿ ಹಳೆಯದಕ್ಕಿಂತ ಸ್ವಲ್ಪ ಜಾಸ್ತಿ. ಸ್ಟಾರ್ಟಿಂಗ್ ಕರೆಂಟಿಗೆ ಬೀಳದ, ಮೋಟಾರಿಗೆ ತಕ್ಕ ಡಿ ಕರ್ವ್ ಎಂಸಿಬಿ ಬೇಕು. ವೇಗವೂ ಚೂರು ಜಾಸ್ತಿ ಇರುತ್ತದೆ. ಬ್ಲೋವರಿನಲ್ಲಿ ಲೋಡ್ ವೇಗದ ಘನಕ್ಕೆ ಏರುತ್ತದೆ. 1440 ಇದ್ದದ್ದು 1460 ಆದರೆ ಸುಮಾರು ಶೇಕಡ 4 ಜಾಸ್ತಿ ಲೋಡ್. ಹೊಸ ಮೋಟಾರ್ ಜಾಸ್ತಿ ಕರೆಂಟ್ ತಿನ್ನುತ್ತದೆ ಅಂತ ಬೈಯುವವರು ಪುಲ್ಲಿ ಬದಲಾಯಿಸುವುದನ್ನು ಮರೆತಿರುತ್ತಾರೆ.

ಮುಟ್ಟಕ್ಕಾಗದಷ್ಟು ಬಿಸಿ

ಕೈ ಒಳ್ಳೆಯ ಮೀಟರ್ ಅಲ್ಲ. 60 ಡಿಗ್ರಿ ದಾಟಿದರೆ ಯಾರಿಗೂ ಕೈ ಇಡಲು ಆಗುವುದಿಲ್ಲ, ಆದರೆ ಫುಲ್ ಲೋಡಿನಲ್ಲಿ ಮೋಟಾರಿನ ಮೈ 70 ಡಿಗ್ರಿ ಇರುವುದು ಸಹಜ. ಎಫ್ ಕ್ಲಾಸ್ ಇನ್ಸುಲೇಷನ್ 155 ಡಿಗ್ರಿ ತಡೆಯುತ್ತದೆ, ಬಿ ಕ್ಲಾಸ್ 130. ಚಿಂತೆ ಮಾಡಬೇಕಾದ್ದು ಹಿಂದಿನ ತಿಂಗಳಿಗಿಂತ ಈ ತಿಂಗಳು ಜಾಸ್ತಿ ಬಿಸಿ ಆಗುತ್ತಿದ್ದರೆ, ಅಥವಾ ವಾರ್ನಿಷ್ ಸುಟ್ಟ ವಾಸನೆ ಬಂದರೆ. ಇನ್ಸುಲೇಷನ್ನಿನ ಮಿತಿ ಮೀರಿ ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧ ಆಗುತ್ತದೆ ಅನ್ನುವುದು ಈ ಕಸುಬಿನ ಹಳೇ ಲೆಕ್ಕ.

ಮೊದಲು ಹಿಂದಿನ ಫ್ಯಾನ್ ಕವರ್ ನೋಡಿ. ಹತ್ತಿ ದೂಳು, ಮರದ ಪುಡಿ, ಗ್ರೈಂಡಿಂಗ್ ಮಸಿ ಕಟ್ಟಿಕೊಂಡು ಗಾಳಿಯೇ ಹೋಗುತ್ತಿರುವುದಿಲ್ಲ. ಫ್ಯಾನ್ ರೆಕ್ಕೆ ಮುರಿದಿರಬಹುದು. ಪ್ರತಿ ವರ್ಷ ಹಬ್ಬಕ್ಕೆ ಒಂದು ಕೋಟ್ ಪೇಂಟ್ ಬಳಿದು ಬಳಿದು ಮೈಮೇಲಿನ ಗೆರೆಗಳೇ ಮುಚ್ಚಿಹೋದ ಮೋಟಾರನ್ನೂ ನೋಡಿದ್ದೇನೆ. ನೇಮ್‌ಪ್ಲೇಟ್ ಕೂಡ ಪೇಂಟಿನ ಕೆಳಗೆ. ಕೆರೆದು ಓದಬೇಕಾಯಿತು.

ನೇಮ್‌ಪ್ಲೇಟಿನ ಲೆಕ್ಕವೆಲ್ಲ ಸಾಮಾನ್ಯವಾಗಿ 40 ಡಿಗ್ರಿ ಗಾಳಿಗೆ ಮತ್ತು ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದವರೆಗೆ. ಬೆಂಗಳೂರು ಸುಮಾರು 900 ಮೀಟರಿನಲ್ಲಿದೆ, ಹಾಗಾಗಿ ಎತ್ತರದ ಚಿಂತೆ ನಮಗಿಲ್ಲ. ಗಾಳಿಯ ಚಿಂತೆ ಇದೆ. ಊರಲ್ಲಿ 34 ಇದ್ದರೂ ತಗಡಿನ ಶೀಟ್ ಕೆಳಗೆ, ಓವನ್ ಪಕ್ಕದಲ್ಲಿ ಕೂತ ಮೋಟಾರಿಗೆ 45 ಆಗಿರುತ್ತದೆ.

ಡ್ರೈವ್ ಹಾಕಿ ನಿಧಾನ ಓಡಿಸುತ್ತಿದ್ದೀರಾ? ಮೋಟಾರಿನ ಫ್ಯಾನ್ ಅದೇ ಶಾಫ್ಟಿಗೆ ಕೂತಿದೆ. 20 ಹರ್ಟ್ಜ್‌ಗೆ ಇಳಿಸಿದರೆ ಫ್ಯಾನೂ ಅಷ್ಟೇ ನಿಧಾನ. ಲೋಡ್ ಮಾತ್ರ ಹಾಗೇ ಇದ್ದರೆ ಕರೆಂಟ್ ಸರಿ ಕಾಣಿಸುತ್ತಲೇ ಮೋಟಾರ್ ಬೇಯುತ್ತದೆ. ಬೇರೆ ಕರೆಂಟಿನಲ್ಲಿ ಓಡುವ ಪ್ರತ್ಯೇಕ ಫ್ಯಾನ್ ಇರುವ ಮೋಟಾರ್ ಬೇಕು, ಇಲ್ಲವೇ ಗೇರ್ ಅನುಪಾತ ಬದಲಾಯಿಸಿ ಮೋಟಾರ್ ವೇಗವಾಗಿ ಓಡುವಂತೆ ಮಾಡಬೇಕು. ಡ್ರೈವಿನ ಔಟ್‌ಪುಟ್ ಅಳೆಯಲು ಟ್ರೂ ಆರ್‌ಎಂಎಸ್ ಮೀಟರ್ ಇರಲಿ. ಅಗ್ಗದ ಮೀಟರ್ ಸುಳ್ಳು ಹೇಳುತ್ತದೆ.

ಕರಕರ ಸದ್ದು, ಅದುರು

ಓಡುತ್ತಿರುವಾಗ ಸ್ವಿಚ್ ಆಫ್ ಮಾಡಿ ಕಿವಿಗೊಟ್ಟು ಕೇಳಿ. ಕರೆಂಟ್ ಹೋದ ಕ್ಷಣವೇ ಸದ್ದು ನಿಂತರೆ ಅದು ಕರೆಂಟಿನ ಕಡೆಯದು: ವೈಂಡಿಂಗ್, ರೋಟರ್ (ಒಳಗೆ ತಿರುಗುವ ಭಾಗ) ಬಾರ್, ಫೇಸ್ ವ್ಯತ್ಯಾಸ. ಮೋಟಾರ್ ನಿಧಾನವಾಗುತ್ತ ಸದ್ದೂ ನಿಧಾನವಾಗಿ ಹೋದರೆ ಬೇರಿಂಗ್, ಬೆಲ್ಟ್, ಕಪ್ಲಿಂಗ್. ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಹೌಸಿಂಗ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನದೆಲ್ಲ ಕೇಳುತ್ತದೆ. ಪುಲ್ಲಿಯಿಂದ ದೂರ ಇರಿ, ಸಡಿಲ ತೋಳಿನ ಅಂಗಿ ಬೇಡ.

ಪುಲ್ಲಿ ಕಡೆಯ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ ಬೆಲ್ಟ್ ಅತಿ ಬಿಗಿ, ಅಥವಾ ಪುಲ್ಲಿ ಶಾಫ್ಟಿನ ತುದಿಯಲ್ಲಿ ನೇತಾಡುತ್ತಿದೆ. ಗ್ರೀಸ್ ಜಾಸ್ತಿ ತುಂಬಿದರೆ ಒಳ್ಳೆಯದು ಅಂತ ಒಂದು ನಂಬಿಕೆ ಇದೆ. ತಪ್ಪು. ಖಾಲಿ ಜಾಗದ ಮೂರನೇ ಒಂದರಿಂದ ಅರ್ಧ ಸಾಕು, ಮಿಕ್ಕಿದ್ದು ಬಿಸಿಯಾಗಿ ಒಳಗೆ ಸೋರುತ್ತದೆ.

ಮುಟ್ಟಿದರೆ ಜುಮ್ ಅನ್ನುತ್ತದೆ

ಇಲ್ಲಿ ಪರೀಕ್ಷೆ ಇಲ್ಲ, ನಿಲ್ಲಿಸಿ. ಮೋಟಾರ್ ಮೈಗೆ ಎರಡು ಪ್ರತ್ಯೇಕ ಅರ್ತ್ ವೈರ್ ಇರಬೇಕು ಅನ್ನುವುದು ನಿಯಮ. ಒಂದೂ ಇಲ್ಲದ ಮೋಟಾರುಗಳೇ ಜುಮ್ ಅನ್ನಿಸುವುದು. ಲೈಸೆನ್ಸ್ ಇರುವ ವೈರ್‌ಮನ್ ಬಂದು ಅರ್ತ್ ಸರಿ ಮಾಡಿ, 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕುವವರೆಗೆ ಆನ್ ಮಾಡಬೇಡಿ. ಮೆಗ್ಗರ್ ಹಾಕುವಾಗ ಡ್ರೈವಿನ ವೈರ್ ಬಿಚ್ಚಿರಬೇಕು, ಇಲ್ಲದಿದ್ದರೆ ಡ್ರೈವ್ ಸತ್ತು ಹೋಗುತ್ತದೆ. ಒಣಗಿದ, ಆರೋಗ್ಯವಾದ ಮೋಟಾರ್ ನೂರಾರು ಮೆಗಾ ಓಮ್ ತೋರಿಸುತ್ತದೆ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಕರೆಂಟ್ ಕೊಡಬಾರದು.

ಆಯುಧಪೂಜೆಯ ಮಾರನೇ ದಿನ ಈ ದೂರು ಹೆಚ್ಚು. ಪೈಪ್ ಹಿಡಿದು ಮೆಷಿನ್ನನ್ನೆಲ್ಲ ತೊಳೆದಿರುತ್ತಾರೆ. ಕುಂಬಳಕಾಯಿ ಒಡೆದ ಶೆಡ್ಡಿನಲ್ಲಿ ಟರ್ಮಿನಲ್ ಬಾಕ್ಸ್ ತೆಗೆದರೆ ಒಳಗೆ ಒಂದು ಲೋಟ ನೀರು. ವೈಂಡಿಂಗ್ ಸುಟ್ಟಿಲ್ಲ, ಸುಮ್ನೆ ನೆನೆದಿದೆ. ಮೋಟಾರ್ ಬಿಚ್ಚಿ, ಒಳಗೆ 200 ವ್ಯಾಟ್ ಬಲ್ಬ್ ಇಟ್ಟು ಒಂದು ದಿನ ಒಣಗಿಸಿ ಮತ್ತೆ ಮೆಗ್ಗರ್ ಹಾಕಿದರೆ ಎಷ್ಟೋ ಸಲ ಸರಿಯಾಗುತ್ತದೆ. ಜಿಗಣಿಯ ಕಲ್ಲು ಪಾಲಿಶ್ ಘಟಕಗಳಲ್ಲಾದರೆ ದಿನವೂ ಆಯುಧಪೂಜೆ, ನೀರಿನ ಜೊತೆ ಕಲ್ಲಿನ ಕೆಸರು. ಅಲ್ಲಿ ದೂಳು, ನೀರು ತಡೆಯುವ ಐಪಿ 55 ಮೋಟಾರ್ ಬೇಕು, ಕೇಬಲ್ ಗ್ಲ್ಯಾಂಡ್ ಬಿಗಿ ಇರಬೇಕು, ಕೇಬಲ್ ಕೆಳಗಿನಿಂದ ಒಳಗೆ ಬರಬೇಕು.

ಸುಟ್ಟೇ ಹೋಗಿದ್ದರೆ ಬಿಚ್ಚಿಸಿ ನೋಡಿ

ಅಂಗಡಿಯವರಿಗೆ ಮೊದಲೇ ಹೇಳಿ: "ನಾನು ಬರೋವರೆಗೂ ಕಾಯಿಲ್ ಕೀಳಬೇಡಿ." ಸುಟ್ಟ ವೈಂಡಿಂಗ್ ಒಂದು ಪತ್ರ ಇದ್ದ ಹಾಗೆ. ಸ್ಟಾರ್ ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲ್ ಕಪ್ಪಾಗಿ ಒಂದು ಹೊಸದರಂತೆ ಇದ್ದರೆ, ಒಂದು ಫೇಸ್ ಹೋದ ಮೇಲೂ ಓಡಿದೆ. ಡೆಲ್ಟಾದಲ್ಲಿ ಇದು ತಿರುಗಾಮುರುಗಾ, ಒಂದು ಕಪ್ಪು, ಎರಡು ಚೆನ್ನ. ಎರಡಕ್ಕೂ ಮದ್ದು ಪ್ರಿವೆಂಟರ್. ಒಂದೇ ಜಾಗದಲ್ಲಿ ತಾಮ್ರ ಕರಗಿದ ಚುಕ್ಕೆ ಇದ್ದರೆ ಇನ್ಸುಲೇಷನ್ ಅಲ್ಲಿ ತೂತಾಗಿದೆ. ಹಿಂದಿನ ಸಲ ಕಟ್ಟಿದಾಗ ಗೀರಿರಬಹುದು, ಇಲ್ಲವೇ ನೀರು, ಸಿಡಿಲು. ಮೂರೂ ಫೇಸ್ ಒಂದೇ ಸಮ ಕಪ್ಪಾಗಿದ್ದರೆ ಬಿಸಿ ಎಲ್ಲ ಕಡೆಯಿಂದ ಬಂದಿದೆ: ಓವರ್‌ಲೋಡ್, ಗಾಳಿ ಇಲ್ಲದಿರುವುದು, ಅಥವಾ ಮೇಲಿಂದ ಮೇಲೆ ಸ್ಟಾರ್ಟ್.

ಕರೆಂಟ್ ಕಡಿಮೆ, ಆದರೂ ಮೂರೂ ಫೇಸ್ ಕಪ್ಪು

ಪೀಣ್ಯದ ಮೋಟಾರಿಗೆ ಬಂದೆ. ಹಳೇ 2 ಎಚ್‌ಪಿಯ ವೈಂಡಿಂಗ್ ಫೋಟೋ ಯಜಮಾನರ ಫೋನಿನಲ್ಲಿತ್ತು. ಮೂರೂ ಫೇಸ್ ಒಂದೇ ಸಮ ಕಾಫಿ ಪುಡಿ ಬಣ್ಣ. ಸಪ್ಲೈ ಚೆನ್ನಾಗಿತ್ತು. ಫ್ಯಾನ್ ಚೆನ್ನಾಗಿತ್ತು. ಸ್ಟಾರ್ಟರ್ ತೆಗೆದರೆ ರಿಲೇಯ ಡಯಲ್ 4.7ರ ಬದಲು 8ರ ಮೇಲೆ. "ಟ್ರಿಪ್ ಆಗ್ತಾನೇ ಇತ್ತು ಸರ್, ಅದಕ್ಕೆ" ಅಂದ ಹುಡುಗ.

ಅರ್ಧ ಗಂಟೆ ಸ್ಟೂಲ್ ಹಾಕಿಕೊಂಡು ಕೂತು ಕೆಲಸ ನೋಡಿದೆ. ಒಂದು ತೂತು, ಟ್ಯಾಪ್ ಒಳಗೆ ಹೋಯಿತು, ಮೋಟಾರ್ ಟಕ್ ಅಂತ ಉಲ್ಟಾ ತಿರುಗಿತು, ಟ್ಯಾಪ್ ಹೊರಗೆ ಬಂತು, ಮತ್ತೆ ಟಕ್ ಅಂತ ಸುಲ್ಟಾ. ಹನ್ನೆರಡು ಸೆಕೆಂಡಿಗೆ ಒಂದು ತೂತು. ನಿಮಿಷಕ್ಕೆ ಐದು ತೂತು, ಹತ್ತು ಸಲ ದಿಕ್ಕು ಬದಲು. ಗಂಟೆಗೆ ಆರುನೂರು. ಮೊದಲು ದೊಡ್ಡ ತೂತಿನ ಆರ್ಡರ್ ಇತ್ತಂತೆ, ನಿಧಾನದ ಕೆಲಸ. ಈ ವರ್ಷ ಸಣ್ಣ ತೂತು, ಜಾಸ್ತಿ ಪೀಸು. ಟಾಂಗ್ ಟೆಸ್ಟರನ್ನು ಮ್ಯಾಕ್ಸ್ ಹೋಲ್ಡ್‌ಗೆ (ಅತಿ ಹೆಚ್ಚಿನ ಅಂಕಿಯನ್ನು ಹಿಡಿದಿಡುವಂತೆ) ಹಾಕಿದೆ. ಉಲ್ಟಾ ಆಗುವ ಕ್ಷಣ 26 ಆಂಪಿಯರ್. ಮೊದಲು ನಾನು ಓದಿದ 3.1 ಎರಡು ಟಕ್‌ಗಳ ನಡುವಿನದು.

ಓಡುವ ಮೋಟಾರನ್ನು ನೇರ ಉಲ್ಟಾ ಮಾಡಿದರೆ, ನಿಂತಲ್ಲಿಂದ ಸ್ಟಾರ್ಟ್ ಮಾಡುವಾಗ ರೋಟರಿನಲ್ಲಿ ಹುಟ್ಟುವ ಬಿಸಿಯ ನಾಲ್ಕು ಪಟ್ಟು ಹುಟ್ಟುತ್ತದೆ. ಆ ಬಿಸಿ ರೋಟರಿನ ತೂಕ, ದಪ್ಪಕ್ಕೆ ತಕ್ಕ ಹಾಗೆ ಏರುತ್ತದೆ. 3 ಎಚ್‌ಪಿಯ ರೋಟರ್ 2 ಎಚ್‌ಪಿಯದಕ್ಕಿಂತ ಭಾರ. ಟ್ಯಾಪಿಂಗ್‌ಗೆ ಬೇಕಾದ ಬಲ ಏನೂ ಜಾಸ್ತಿ ಇಲ್ಲ, ಮೋಟಾರ್ ತನ್ನ ರೋಟರನ್ನು ತಾನೇ ಹಿಂದೆ ಮುಂದೆ ತಿರುಗಿಸಿ ತಾನೇ ಸುಡುತ್ತಿತ್ತು. ದೊಡ್ಡದು ಬೇಗ ಸುಟ್ಟಿದ್ದು ಅದಕ್ಕೆ.

ನೇಮ್‌ಪ್ಲೇಟಿನಲ್ಲಿ ಡ್ಯೂಟಿ ಎಸ್ 1 ಅಂತ ಇತ್ತು. ಅಂದರೆ ಒಂದು ಸಲ ಸ್ಟಾರ್ಟ್ ಮಾಡಿದರೆ ಒಂದೇ ಲೋಡಿನಲ್ಲಿ ಓಡುತ್ತಲೇ ಇರುವ ಕೆಲಸಕ್ಕೆ. ಪಂಪು, ಬ್ಲೋವರ್, ಕಂಪ್ರೆಸರ್ ಇಂಥವಕ್ಕೆ. ಎಸ್ 3 ಅಂದರೆ ಓಡಿ ನಿಂತು ಓಡುವುದು, ಎಸ್ 4 ಅಂದರೆ ಸ್ಟಾರ್ಟಿನ ಬಿಸಿಯನ್ನೂ ಲೆಕ್ಕಕ್ಕೆ ಹಿಡಿದದ್ದು. ಕ್ರೇನ್, ಹಾಯ್ಸ್ಟ್, ಪ್ರೆಸ್, ಟ್ಯಾಪಿಂಗ್ ಯಾವುದಿದ್ದರೂ ಎಸ್‌.ಪಿ. ರೋಡಿಗೆ ಹೋಗಿ "3 ಎಚ್‌ಪಿ, 1440, ಕೊಡಿ" ಅಂತಲೇ ಕೇಳುತ್ತೇವೆ, ಅಲ್ವಾ? ಅಂಗಡಿಯವರು ಕೇಳಿದ್ದನ್ನೇ ಕೊಡುತ್ತಾರೆ. ಗಂಟೆಗೆ ಎಷ್ಟು ಸ್ಟಾರ್ಟ್, ಎಷ್ಟು ಉಲ್ಟಾ, ಸ್ಟಾರ್ಟ್ ಆಗುವಾಗ ಲೋಡ್ ಇರುತ್ತದಾ, ಡ್ರೈವ್ ಇದೆಯಾ, ನೀರು ದೂಳು ಎಷ್ಟು, ಕಾಲಿನ ಮೇಲೆ ಕೂರುವುದಾ ಫ್ಲಾಂಜಾ. ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋದರೆ ಬೇರೆಯದೇ ಮೋಟಾರ್ ಕೈಗೆ ಬರಬಹುದು. ಸುರಕ್ಷಿತವಾಗಿರಲಿ ಅಂತ ಸುಮ್ನೆ ದೊಡ್ಡದು ತಂದರೆ ಅರ್ಧ ಲೋಡಿಗಿಂತ ಕೆಳಗೆ ಓಡಿ ಪವರ್ ಫ್ಯಾಕ್ಟರ್ ಬೀಳುತ್ತದೆ. ಅದು ಬಿಲ್ಲಿನಲ್ಲೂ ಕಾಣುತ್ತದೆ.

ಇಲ್ಲಿ ಉಲ್ಟಾ ಮಾಡುವ ಬಿಸಿಯನ್ನೂ ಲೆಕ್ಕಕ್ಕೆ ಹಿಡಿದ ಎಸ್ 7 ಮೋಟಾರ್ ಹುಡುಕಬಹುದಿತ್ತು. ನಾವು ಬೇರೆ ದಾರಿ ಹಿಡಿದೆವು. ಒಳಗೇ ಉಲ್ಟಾ ತಿರುಗುವ ಕ್ಲಚ್ ಇರುವ ಟ್ಯಾಪಿಂಗ್ ಹೆಡ್ ಹಾಕಿಸಿದೆವು. ಮೋಟಾರ್ ಒಂದೇ ದಿಕ್ಕಿನಲ್ಲಿ ಓಡುತ್ತದೆ, ಉಲ್ಟಾ ಕೆಲಸ ಹೆಡ್ಡಿನದು. ಹಳೇ 2 ಎಚ್‌ಪಿಯನ್ನೇ ಕಟ್ಟಿಸಿ ವಾಪಸ್ ಕೂರಿಸಿ, ರಿಲೇಯನ್ನು ಅದರ ನೇಮ್‌ಪ್ಲೇಟಿನ 3.4ಕ್ಕೆ ಇಟ್ಟು, ಡಯಲ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ ಬಂದೆ. ಆ 3 ಎಚ್‌ಪಿ ಈಗ ಅದೇ ಶೆಡ್ಡಿನಲ್ಲಿ ಹ್ಯಾಕ್‌ಸಾ ಮೆಷಿನ್ ತಿರುಗಿಸುತ್ತಿದೆ, ಬೆಳಿಗ್ಗೆ ಆನ್ ಮಾಡಿದರೆ ಊಟದ ಹೊತ್ತಿಗೆ ಆಫ್.